ಸಿರುವಾಣಿ, ಶಿವನಸಮುದ್ರ, ನೊಯ್ಯಲ್: ಹಳೆಯ ಕೊಯಮತ್ತೂರು ಜಿಲ್ಲೆಯ ಊರಾಡಳಿತದ ಕಥೆ

ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಎರಡು ಕೊಡಗಳಿರುತ್ತಿದ್ದವು. ಒಂದು ಹಿತ್ತಾಳೆಯದು, ಇನ್ನೊಂದು ಮಣ್ಣಿನದು. ಹಿತ್ತಾಳೆಯ ಕೊಡದಲ್ಲಿ ‘ಒಳ್ಳೆನೀರು’, ಮಣ್ಣಿನದರಲ್ಲಿ ‘ಉಪ್ಪುನೀರು’. ಒಳ್ಳೆನೀರು ಬೀದಿಯ ಕೊಳಾಯಿಯಿಂದ ಬಂದದ್ದು, ಸಿರುವಾಣಿಯದು. ಉಪ್ಪುನೀರು ಹಿತ್ತಿಲ ಬಾವಿಯದು. ಮಕ್ಕಳು ಮರೆತು ಒಳ್ಳೆನೀರಿನಲ್ಲಿ ಕೈ ತೊಳೆದರೆ ಅಜ್ಜಿ ಗದರುತ್ತಿದ್ದರು. ಅವರು ಕೊಳಾಯಿ ಬರುವ ಮುಂಚಿನ ಕೊಯಮತ್ತೂರನ್ನು ಕಂಡವರು. ನಮ್ಮದು ನೇಕಾರರ ಮನೆ. ಉಪ್ಪುನೀರಿನಲ್ಲಿ ನೂಲಿಗೆ ಬಣ್ಣ ಸರಿಯಾಗಿ ಹಿಡಿಯದು, ಬೇಳೆ ಬೇಯದು, ಸೋಪು ನೊರೆ ಬರದು. ಆ ಕಾಲದ ಅವರ ದಿನವೆಲ್ಲ ನೀರಿನ ಚಿಂತೆಯಲ್ಲೇ ಕಳೆಯುತ್ತಿತ್ತಂತೆ.

ಮೂವತ್ತು ವರ್ಷಗಳಿಗೂ ಮಿಕ್ಕಿ ಚರಿತ್ರೆಯನ್ನು ಪಾಠ ಹೇಳಿದವನು ನಾನು. ಪಾಣಿಪತ್ತಿನ ಮೂರು ಯುದ್ಧಗಳನ್ನೂ ಪ್ಲಾಸಿಯ ಕದನವನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಆದರೆ ನಮ್ಮ ಬೀದಿಯ ಕೊಳಾಯಿಗೆ ನೀರು ಹೇಗೆ ಬಂತು, ಯಾರು ತಂದರು, ಎಷ್ಟು ವರ್ಷ ಹಿಡಿಯಿತು ಎಂಬುದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ, ನಾನೂ ಹೇಳಲಿಲ್ಲ. ನಿವೃತ್ತನಾದ ಮೇಲೆ ಈ ವಿಷಯವನ್ನು ಕೆದಕುತ್ತ ಹೋದಾಗ ನನಗೆ ತೋರಿದ್ದು ಇಷ್ಟು: ಈ ಸೀಮೆಯಲ್ಲಿ ನೀರು ಇಳಿಜಾರನ್ನು ಮಾತ್ರ ನೋಡಿ ಹರಿದದ್ದಲ್ಲ, ಕೇಳುವ ಬಾಯಿ ಎಲ್ಲಿತ್ತೋ ಅಲ್ಲಿಗೂ ಹರಿಯಿತು. ನೀರಿನ ಹಿಂದೆ ವಿದ್ಯುತ್ತು ಬಂತು, ವಿದ್ಯುತ್ತಿನ ಹಿಂದೆ ಗಿರಣಿ ಬಂತು.

ಮೊದಲು ಹಳೆಯ ಜಿಲ್ಲೆಯ ವಿಸ್ತಾರವನ್ನು ನೆನಪಿಸಿಕೊಳ್ಳಬೇಕು. ಇಂದಿನ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳನ್ನು ಮಾತ್ರ ಬಲ್ಲ ನಮ್ಮ ಮೊಮ್ಮಕ್ಕಳಿಗೆ ಇದು ಆಶ್ಚರ್ಯವೆನಿಸೀತು. ಹದಿನೇಳನೆಯ ಶತಮಾನದಿಂದಲೇ ಈ ನಾಡಿನ ಬಹುಭಾಗ ಮೈಸೂರಿನ ಒಡೆಯರ ಕೈಗೆ ಬಂದಿತ್ತು. 1799ರಲ್ಲಿ ಟಿಪ್ಪು ಸುಲ್ತಾನ ಮಡಿದಾಗ ಈಸ್ಟ್ ಇಂಡಿಯಾ ಕಂಪನಿಯವರು ಇದನ್ನು ಮದರಾಸಿಗೆ ಸೇರಿಸಿಕೊಂಡರು. ಮರುವರ್ಷವೇ ಬುಕನನ್ ಎಂಬ ವೈದ್ಯಾಧಿಕಾರಿ ಶ್ರೀರಂಗಪಟ್ಟಣದ ಕಡೆಯಿಂದ ಕೊಳ್ಳೇಗಾಲದ ಸೀಮೆಯ ಮೂಲಕ ಘಟ್ಟವಿಳಿದು ಇಲ್ಲಿಗೆ ಬಂದು, ಹೊಲ, ಕೆರೆ, ಮಗ್ಗಗಳನ್ನೆಲ್ಲ ನೋಡಿ ಬರೆದಿಟ್ಟ. ಅವನು ಇಳಿದು ಬಂದ ದಾರಿ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಇಳಿದು ಬಂದ ದಾರಿಯೇ. ದೇವಾಂಗದವರು ಮಗ್ಗ ಹೊತ್ತು, ಒಕ್ಕಲಿಗರು ದನಕರು ಹೊಡೆದುಕೊಂಡು, ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಬಂದರು. ಮಾತು ಮನೆಯೊಳಗೆ ಉಳಿಯಿತು, ಚೌಡೇಶ್ವರಿ ಗುಡಿಯಲ್ಲಿ ಉಳಿಯಿತು.

1804ರಲ್ಲಿ ಕೊಯಮತ್ತೂರನ್ನು ಕೇಂದ್ರವಾಗಿಸಿ ಕಂಪನಿಯವರು ಮಾಡಿದ ಜಿಲ್ಲೆಯ ಉತ್ತರ ತುದಿಯೇ ಕೊಳ್ಳೇಗಾಲ ತಾಲ್ಲೂಕು. ಮಲೆ ಮಹದೇಶ್ವರ ಬೆಟ್ಟ ಆಗ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ತಾಳವಾಡಿಯ ಗಾಜನೂರೂ ಈ ಜಿಲ್ಲೆಯದೇ. ಅಂದರೆ 1929ರಲ್ಲಿ ಹುಟ್ಟಿದ ನಮ್ಮ ವರನಟ ಡಾ. ರಾಜ್‌ಕುಮಾರ್ ಕೂಡ ಹುಟ್ಟಿನಿಂದ ಕೊಯಮತ್ತೂರು ಜಿಲ್ಲೆಯವರು. (ಅವರ ಹೆಸರಿನ ಮೊದಲಿಗಿರುವ ಸಿಂಗಾನಲ್ಲೂರು ನಮ್ಮ ಬಸ್ ನಿಲ್ದಾಣದ ಸಿಂಗಾನಲ್ಲೂರಲ್ಲ, ಕೊಳ್ಳೇಗಾಲ ಕಡೆಯ ಹಳ್ಳಿ. ಈ ಬಗ್ಗೆ ನಮ್ಮ ಸಂಘದಲ್ಲಿ ಒಮ್ಮೆ ದೊಡ್ಡ ವಾದವೇ ನಡೆದದ್ದನ್ನು ಹಳೆಯ ಸದಸ್ಯರು ಮರೆತಿರಲಾರರು.) ಆ ತುದಿಯ ರೈತನಿಗೆ ಕಲೆಕ್ಟರ ಬಳಿ ಅಹವಾಲಿದ್ದರೆ ಕಾಡು ದಾಟಿ, ದಿಂಬಂ ಘಟ್ಟವಿಳಿದು, ಸತ್ಯಮಂಗಲದ ಮೇಲೆ ಹಾದು ಕೊಯಮತ್ತೂರಿಗೆ ಬರಬೇಕಿತ್ತು. ಮೈಸೂರು ಅವನಿಗೆ ಮಗ್ಗುಲಲ್ಲೇ ಇತ್ತು. ಆದರೆ ಅದು ಬೇರೆ ರಾಜ್ಯ.

ಇನ್ನು ಪಟ್ಟಣದ ಮಾತು. ಕೊಯಮತ್ತೂರು ಪುರಸಭೆ ಆರಂಭವಾದದ್ದು 1866ರಲ್ಲಿ, ಅದರ ಹಿಂದಿನ ವರ್ಷದ ಮದರಾಸು ಪಟ್ಟಣ ಸುಧಾರಣಾ ಶಾಸನದ ಮೇರೆಗೆ. ಅದರ ಮೊದಲ ಅಧ್ಯಕ್ಷರೆಂದು ರಾಬರ್ಟ್ ಸ್ಟೇನ್ಸ್ ಅವರ ಹೆಸರನ್ನು ಹೇಳುವುದು ವಾಡಿಕೆ. ನೀಲಗಿರಿಯ ಕಾಫಿಯನ್ನು ಹದಗೊಳಿಸುವ ಕಾರ್ಖಾನೆಯನ್ನು 1861ರಲ್ಲೂ, ಶಾಲೆಯನ್ನು 1862ರಲ್ಲೂ ತೆರೆದವರು ಅವರೇ. ಊರಿನ ಮೊದಲ ನೂಲಿನ ಗಿರಣಿಯೂ 1888ರಲ್ಲಿ ಅವರದೇ. ಉದ್ಯಮಿಯೇ ಊರಿನ ಯಜಮಾನನೂ ಆಗುವ ಪದ್ಧತಿ ಅಲ್ಲಿಂದಲೇ ಮೊದಲಾಯಿತೆನ್ನಬಹುದು. ಒಳ್ಳೆಯದೋ ಕೆಟ್ಟದ್ದೋ, ಅದು ಈ ಊರಿನ ಗುಣ.

ಆಗಿನ ಪುರಸಭೆ ಇಂದಿನಂತೆ ಚುನಾಯಿತರ ಸಭೆಯಲ್ಲ. ಸರ್ಕಾರ ನೇಮಿಸಿದ ಅಧಿಕಾರಿಗಳು ಮತ್ತು ಗಣ್ಯರು ಕೂಡುತ್ತಿದ್ದರು. ಮನೆತೆರಿಗೆ, ಕಸುಬಿನ ತೆರಿಗೆ, ಗಾಡಿ ಮತ್ತು ಎತ್ತು ಕುದುರೆಗಳ ತೆರಿಗೆ, ಊರಬಾಗಿಲ ಸುಂಕ ಇವೇ ಆದಾಯ. ರಸ್ತೆ, ದೀಪ, ಚರಂಡಿ, ಕಸ ಇವು ಖರ್ಚು. 1882ರ ರಿಪ್ಪನ್ ಪ್ರಭುವಿನ ಸ್ಥಳೀಯ ಸ್ವಯಮಾಡಳಿತದ ನಿರ್ಣಯವೂ 1884ರ ಮುನಿಸಿಪಲ್ ಶಾಸನವೂ ಬಂದ ಮೇಲೆ ತೆರಿಗೆ ಕಟ್ಟುವವರು ಸದಸ್ಯರನ್ನು ಚುನಾಯಿಸುವ ಪದ್ಧತಿ ಬೇರುಬಿಟ್ಟಿತು. ಮತ ಹಾಕುವ ಹಕ್ಕು ಕೆಲವರಿಗೆ ಮಾತ್ರ. ಬೀದಿಯಲ್ಲಿ ಹಾಸು ಚಾಚಿ ಗಂಜಿ ಹಚ್ಚುತ್ತಿದ್ದ ಕೂಲಿ ನೇಕಾರನಿಗಲ್ಲ. ಆದರೂ ಊರಿಗೊಂದು ಸಭೆ ಆಯಿತು. ಅಲ್ಲಿ ಎದ್ದು ನಿಂತು ‘ನೀರು ಬೇಕು’ ಎಂದು ಹೇಳಲು ಒಂದು ಸ್ಥಳವಾಯಿತು.

ಹಾಗೆ ಹೇಳಿದವರಲ್ಲಿ ಎಸ್. ಪಿ. ನರಸಿಂಹಲು ನಾಯ್ಡು ಅವರು ಮೊದಲಿಗರು. ಮನೆಮಾತು ತೆಲುಗು, ಬರೆದದ್ದು ತಮಿಳಿನಲ್ಲಿ, ವೃತ್ತಿ ಪತ್ರಿಕೋದ್ಯಮ, ಮತದಲ್ಲಿ ಬ್ರಹ್ಮಸಮಾಜದ ಕಡೆಯವರು. ಊರಿನ ವಿಕ್ಟೋರಿಯಾ ಟೌನ್ ಹಾಲ್ 1892ರಲ್ಲಿ ಎದ್ದದ್ದು ಅವರ ಪ್ರಯತ್ನದಿಂದ. ನೊಯ್ಯಲ್ ನದಿ ಊರ ಪಕ್ಕದಲ್ಲೇ ಹರಿದರೂ ಅದು ಮಳೆಗಾಲದ ಹೊಳೆ. ಪೇರೂರು, ಉಕ್ಕಡಂ, ವಾಲಾಂಕುಳಂ, ಸಿಂಗಾನಲ್ಲೂರು ಎಂದು ಅದರಿಂದ ತುಂಬುವ ಕೆರೆಗಳ ಸಾಲು ಗದ್ದೆಗಳಿಗೆ ಸರಿ, ಕುಡಿಯುವುದಕ್ಕೆ ಸಾಲದು. ಬಾವಿಗಳಲ್ಲಿ ಉಪ್ಪು. ಪಶ್ಚಿಮಕ್ಕೆ ಸುಮಾರು 35 ಕಿಲೋಮೀಟರ್ ದೂರದ ಬೆಟ್ಟಗಳಲ್ಲಿ ಮುತ್ತಿಕುಳಂ ಎಂಬ ಕಡೆ ಸಿರುವಾಣಿ ಹೊಳೆ ವರ್ಷವಿಡೀ ಹರಿಯುತ್ತದೆ. ಅದನ್ನು ತಿರುಗಿಸಿ ತರಬೇಕೆಂದು 1889ರಷ್ಟು ಹಿಂದೆಯೇ ನಾಯ್ಡು ಅವರು ಪಟ್ಟು ಹಿಡಿದರು. ಕಾಡಿನೊಳಗೆ ಹೋಗಿ ಸ್ಥಳ ನೋಡಿ ಬಂದವರು ಅವರು. ಬೆಟ್ಟದ ಆ ಮಗ್ಗುಲಲ್ಲಿ ಹರಿಯುವ ನೀರನ್ನು ಈ ಮಗ್ಗುಲಿಗೆ ತರಬೇಕಾದರೆ ಬಂಡೆ ಕೊರೆಯಬೇಕು. ಪುರಸಭೆಯ ಬೊಕ್ಕಸಕ್ಕೆ ಅದು ದಕ್ಕುವ ಕೆಲಸವೇ ಎಂದು ನಕ್ಕವರೂ ಇದ್ದಿರಬೇಕು. ನಾಯ್ಡು ಅವರು 1922ರಲ್ಲಿ ತೀರಿಕೊಂಡರು. ಸಿರುವಾಣಿ ಇನ್ನೂ ಬೆಟ್ಟದಲ್ಲೇ ಇತ್ತು.

ಈ ನಡುವೆ ಊರು ಪಟ್ಟ ಪಾಡು ಸಾಮಾನ್ಯವಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಪ್ಲೇಗು ಬಂತು. ಮತ್ತೆ ಮತ್ತೆ ಬಂತು. ಮೊದಲ ಮೂರು ದಶಕಗಳಲ್ಲಿ ಸತ್ತವರ ಸಂಖ್ಯೆ 20,000ದ ಹತ್ತಿರವೆನ್ನುತ್ತಾರೆ. ಜನಗಣತಿಯೇ ಇದಕ್ಕೆ ಸಾಕ್ಷಿ: 1901ರಲ್ಲಿ ಸುಮಾರು 53,000 ಇದ್ದ ಪಟ್ಟಣದ ಜನಸಂಖ್ಯೆ 1911ರಲ್ಲಿ 47,000ಕ್ಕೆ ಇಳಿಯಿತು. ಬೆಳೆಯಬೇಕಾದ ಊರು ಹತ್ತು ವರ್ಷದಲ್ಲಿ ಕುಗ್ಗಿತು. ಇಂದಿಗೂ ಊರಿನ ಕೆಲವು ಬೀದಿಗಳಲ್ಲಿ ‘ಪ್ಲೇಗ್ ಮಾರಿಯಮ್ಮ’ನ ಗುಡಿಗಳಿವೆ, ಇಂಗ್ಲಿಷ್ ರೋಗದ ಹೆಸರು ಹೊತ್ತ ದೇವತೆ ಬೇರೆಲ್ಲಿದ್ದಾಳೋ ನಾನರಿಯೆ. ನಮ್ಮ ಅಜ್ಜಿಯ ತವರಿನವರು ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹಾಕಿಕೊಂಡಿದ್ದರಂತೆ. ಮಗ್ಗದ ಕುಣಿಯಲ್ಲಿ ಇಲಿ ಸತ್ತು ಬಿದ್ದರೆ ಹೊರಡಬೇಕೆಂದು ಲೆಕ್ಕ.

ಪ್ಲೇಗು ಊರನ್ನು ಹಿಂಡಿತು, ಹಿಗ್ಗಿಸಿತು ಕೂಡ. ಇಕ್ಕಟ್ಟಾದ ಪೇಟೆಯಿಂದ ಜನ ಹೊರಬರಬೇಕೆಂಬ ಮಾತು ಬಲವಾಯಿತು. ಪಶ್ಚಿಮದ ಹೊಲಗಳಲ್ಲಿ ನೇರ ಬೀದಿಗಳ ಹೊಸ ಬಡಾವಣೆ ಬೆಳೆಯಿತು. ಅದೇ ಇಂದಿನ ಆರ್. ಎಸ್. ಪುರಂ. ಸಿ. ಎಸ್. ರತ್ನಸಭಾಪತಿ ಮೊದಲಿಯಾರ್ ಎಂಬ ಪುರಸಭಾಧ್ಯಕ್ಷರ ಹೆಸರನ್ನು ಹೊತ್ತ ಬಡಾವಣೆ. 1917ರಲ್ಲಿ ಪುರಸಭೆಯ ಸದಸ್ಯರಾಗಿ, ಮುಂದೆ ಉಪಾಧ್ಯಕ್ಷರೂ ಆದ ಆರ್. ಕೆ. ಷಣ್ಮುಖಂ ಚೆಟ್ಟಿ ಅವರು 1947ರಲ್ಲಿ ಸ್ವತಂತ್ರ ಭಾರತದ ಮೊದಲ ಹಣಕಾಸು ಮಂತ್ರಿಗಳಾದರೆಂಬುದನ್ನು ನೆನೆದರೆ, ಆ ಸಭೆ ಎಂಥ ಪಾಠಶಾಲೆಯಾಗಿತ್ತೆಂಬುದು ತಿಳಿಯುತ್ತದೆ. ಮೊದಲಿಯಾರರ ಕಾಲದಲ್ಲಿ, 1920ರ ದಶಕದ ಕೊನೆಯ ಹೊತ್ತಿಗೆ, ಸಿರುವಾಣಿ ಊರಿಗೆ ಬಂತು. ನಾಯ್ಡು ಅವರ ಮೊದಲ ಮಾತಿನಿಂದ ಲೆಕ್ಕ ಹಾಕಿದರೆ ನಲವತ್ತು ವರ್ಷ. ಒಬ್ಬ ಮನುಷ್ಯನ ದುಡಿಮೆಯ ಆಯುಸ್ಸು.

ಈ ನಲವತ್ತು ವರ್ಷಗಳಲ್ಲೇ ಜಿಲ್ಲೆಯ ಉತ್ತರ ತುದಿಯಲ್ಲಿ ಏನಾಯಿತೆಂದು ನೋಡೋಣ. ಕಾವೇರಿ ಎರಡಾಗಿ ಒಡೆದು ಧುಮುಕುವ ಶಿವನಸಮುದ್ರದ ದ್ವೀಪ ಹಳೆಯ ಗ್ಯಾಸೆಟಿಯರುಗಳಲ್ಲಿ ಕೊಯಮತ್ತೂರು ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು ಎಂದೇ ದಾಖಲಾಗಿದೆ. ಅದರ ಎದುರು ದಡ ಮೈಸೂರಿನದು. ದಿವಾನ್ ಶೇಷಾದ್ರಿ ಅಯ್ಯರ್ ಅವರು ತೊಡಗಿಸಿದ ಜಲವಿದ್ಯುತ್ ಕೇಂದ್ರ ಆ ದಡದಲ್ಲಿ 1902ರಲ್ಲಿ ಕೆಲಸ ಆರಂಭಿಸಿತು. ಅಲ್ಲಿ ಹುಟ್ಟಿದ ವಿದ್ಯುತ್ತು 92 ಮೈಲಿ, ಅಂದರೆ ಸುಮಾರು 147 ಕಿಲೋಮೀಟರ್ ದೂರದ ತಂತಿಯಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಜಗತ್ತಿನಲ್ಲೇ ಅಷ್ಟು ಉದ್ದದ ತಂತಿಗಳು ಆಗ ವಿರಳ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ನಮ್ಮ ಜಿಲ್ಲೆಯ ಗಡಿಯಲ್ಲೇ ಧುಮುಕುವ ನೀರು ಬೆಂಗಳೂರಿಗೆ ದೀಪವಾಯಿತು; ನಮ್ಮ ಜಿಲ್ಲೆಯ ಕೇಂದ್ರಕ್ಕೆ ಜಲವಿದ್ಯುತ್ತು ಬಂದದ್ದು ಮೂವತ್ತು ವರ್ಷಗಳ ಮೇಲೆ, ಅದೂ ಬೇರೊಂದು ಬೆಟ್ಟದಿಂದ.

ಇದರಲ್ಲಿ ಮೈಸೂರಿನ ತಪ್ಪೇನೂ ಇಲ್ಲ. ಅಲ್ಲಿ ಕೇಳುವ ದಿವಾನರಿದ್ದರು, ಕೊಂಡುಕೊಳ್ಳುವ ಗಣಿ ಇತ್ತು. ಕೊಳ್ಳೇಗಾಲಕ್ಕೆ ಯಾರಿದ್ದರು? ಅದು ಕಾಡು, ಬೆಟ್ಟ, ರೇಷ್ಮೆಯ ಸೀಮೆ. ಇಡೀ ಮದರಾಸು ಪ್ರಾಂತ್ಯಕ್ಕೆ ರೇಷ್ಮೆಹುಳು ಸಾಕಣೆಯ ಮುಖ್ಯ ನೆಲೆ ಅದೇ ತಾಲ್ಲೂಕು. ಬರಗೂರು ಬೆಟ್ಟಗಳ ದನಗಳಿಗೂ ಆಲಂಬಾಡಿ ತಳಿಗೂ ಆ ಕಡೆಯ ಸಂತೆಗಳು ಹೆಸರಾಗಿದ್ದವು. ಸಂಪತ್ತು ಇತ್ತು, ಆದರೆ ಅದರ ಪರವಾಗಿ ಮಾತಾಡುವ ಸಂಸ್ಥೆ ಇದ್ದದ್ದು ಘಟ್ಟದ ಕೆಳಗೆ. 1884ರ ಸ್ಥಳೀಯ ಬೋರ್ಡುಗಳ ಶಾಸನದಂತೆ ಜಿಲ್ಲಾ ಬೋರ್ಡು ಕೊಯಮತ್ತೂರಿನಲ್ಲಿ ಕೂಡುತ್ತಿತ್ತು. ಉತ್ತರದ ಸದಸ್ಯ ಘಟ್ಟ ಇಳಿದು ಬಂದು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ನಡೆಯುವ ಸಭೆಯಲ್ಲಿ ತನ್ನ ಮಾತು ಹೇಳಬೇಕು. ಭಾಷೆಯ ಅಭಿಮಾನಕ್ಕಾಗಿ ಮಾತ್ರ ನಾನಿದನ್ನು ಹೇಳುತ್ತಿಲ್ಲ. ರಸ್ತೆಯೊಂದು ಯಾವ ಹಳ್ಳಿಯ ಮೇಲೆ ಹಾದುಹೋಗಬೇಕೆಂಬ ಚರ್ಚೆಯಲ್ಲಿ ಆ ಹಳ್ಳಿಯ ಹೆಸರನ್ನು ಸರಿಯಾಗಿ ಉಚ್ಚರಿಸುವವನೊಬ್ಬನಾದರೂ ಇರಬೇಕು.

1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಕೊಳ್ಳೇಗಾಲ ತಾಲ್ಲೂಕು ಕನ್ನಡ ರಾಜ್ಯಕ್ಕೆ ಸೇರಬೇಕೆಂದಿತು. 1956ರ ನವೆಂಬರ್ 1ರಂದು ಅದು ಮೈಸೂರಿಗೆ ಸೇರಿತು. 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ. ತಾಳವಾಡಿ ಇತ್ತಲೇ ಉಳಿಯಿತು, ಇಂದು ಈರೋಡು ಜಿಲ್ಲೆಯಲ್ಲಿದೆ. ನಮ್ಮ ಮನೆಗಳಲ್ಲಿ ಮದುವೆಯ ಸೀರೆಗೆ ಕೊಳ್ಳೇಗಾಲಕ್ಕೆ ಹೋಗುವ ಪದ್ಧತಿ ಇದರಿಂದ ನಿಲ್ಲಲಿಲ್ಲ. ರಾಜ್ಯದ ಗಡಿ ದಾಟಿ ಹೋಗಬೇಕಾಯಿತು, ಅಷ್ಟೆ.

ಮತ್ತೆ ಕೊಯಮತ್ತೂರಿಗೆ ಬರೋಣ. ನೀರು ಬಂದ ಕೆಲವೇ ವರ್ಷಗಳಲ್ಲಿ, 1932ರಲ್ಲಿ, ನೀಲಗಿರಿಯ ಪೈಕಾರದಿಂದ ವಿದ್ಯುತ್ತು ಬಂತು. ಈ ಎರಡೂ ಕೂಡಿದ್ದೇ ಊರಿನ ಭಾಗ್ಯರೇಖೆ. ಕರಿಮಣ್ಣಿನ ಹತ್ತಿ ಸುತ್ತಲೂ ಬೆಳೆಯುತ್ತಿತ್ತು, ದುಡಿಯುವ ಕೈಗಳಿದ್ದವು; ಕಲ್ಲಿದ್ದಲು ಮಾತ್ರ ಇರಲಿಲ್ಲ. ಅಗ್ಗದ ವಿದ್ಯುತ್ತು ಆ ಕೊರತೆಯನ್ನು ನೀಗಿತು. ಪ್ರಪಂಚವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ಆ ದಶಕದಲ್ಲಿ ಇಲ್ಲಿ ಗಿರಣಿಯ ಮೇಲೆ ಗಿರಣಿ ಎದ್ದಿತು. ಬಾವಿಗಳಿಗೆ ವಿದ್ಯುತ್ ಪಂಪು ಬೇಕಾಯಿತು, ಪಂಪು ಮಾಡುವ ಫೌಂಡ್ರಿಗಳು ಹುಟ್ಟಿದವು, 1937ರಲ್ಲಿ ಜಿ. ಡಿ. ನಾಯ್ಡು ಮತ್ತು ಬಾಲಸುಂದರಂ ನಾಯ್ಡು ಅವರು ವಿದ್ಯುತ್ ಮೋಟಾರನ್ನೇ ಇಲ್ಲಿ ತಯಾರಿಸಿದರು. 1931ರಲ್ಲಿ 95,000ದಷ್ಟಿದ್ದ ಜನಸಂಖ್ಯೆ 1941ಕ್ಕೆ 1,30,000ವಾಯಿತು. ಪ್ಲೇಗಿನ ದಶಕದಲ್ಲಿ ಕುಗ್ಗಿದ್ದ ಊರೇ ಇದು.

ಆದರೆ ಒಂದು ಮಾತನ್ನು ಮರೆಯಬಾರದು. ಪೀಳಮೇಡು, ಸಿಂಗಾನಲ್ಲೂರು ಕಡೆಯ ಗಿರಣಿಗಳು ಅಂದಿನ ಪುರಸಭೆಯ ಎಲ್ಲೆಯ ಹೊರಗಿದ್ದವು. ದುಡಿಮೆ ಒಂದು ಕಡೆ, ತೆರಿಗೆ ಇನ್ನೊಂದು ಕಡೆ. ಸಿಂಗಾನಲ್ಲೂರು ಪುರಸಭೆ ಮುಂತಾದವು ಸೇರಿ ಕೊಯಮತ್ತೂರು ಮಹಾನಗರ ಪಾಲಿಕೆಯಾದದ್ದು 1981ರಲ್ಲಿ. ಇತ್ತ ಸಿರುವಾಣಿಯ ಮೂಲ ಕೇರಳದ ಪಾಲಾಗಿತ್ತು. ಹಿಂದೆ ಪುರಸಭೆ ಕೇಳಿದ್ದನ್ನು ಈಗ ರಾಜ್ಯಗಳು ಕೂತು ಮಾತಾಡಬೇಕಾಯಿತು. 1973ರ ಒಪ್ಪಂದದಂತೆ ತಮಿಳುನಾಡಿನ ಹಣದಲ್ಲಿ ಕೇರಳದ ನೆಲದಲ್ಲಿ ಹೊಸ ಅಣೆಕಟ್ಟು ಕಟ್ಟಲಾಯಿತು, ವರ್ಷಕ್ಕೆ 1.3 ಟಿಎಂಸಿ ನೀರು, 99 ವರ್ಷಗಳ ಕರಾರು. ಬೇಸಿಗೆಯಲ್ಲಿ ಸಿರುವಾಣಿಯ ಮಟ್ಟ ಎಷ್ಟು ಅಡಿ ಎಂಬುದು ಇಂದಿಗೂ ನಮ್ಮೂರ ಪತ್ರಿಕೆಗಳ ಮುಖ್ಯ ಸುದ್ದಿ.

ಇನ್ನು ತಿರುಪ್ಪೂರು. ಇಲ್ಲಿ ಕಥೆ ತಿರುಗುಮುರುಗು. ಅದು ಮೊದಲು ಹತ್ತಿಯ ಸಂತೆಯ ಊರು, ಗಾಂಧೀಜಿಯ ಕಾಲದಲ್ಲಿ ಖಾದಿಯ ಊರು, 1932ರ ಜನವರಿಯಲ್ಲಿ ಧ್ವಜ ಹಿಡಿದು ಪ್ರಾಣಬಿಟ್ಟ ಕುಮಾರನ್ ಅವರ ಊರು. 1920ರ ದಶಕದಿಂದ ಬನಿಯನ್ ಹೆಣೆಯುವ ಯಂತ್ರಗಳು ಬಂದವು. ಐವತ್ತು ವರ್ಷ ಅವು ಒಳನಾಡಿನ ಮಾರುಕಟ್ಟೆಗೆ ದುಡಿದವು; 1980ರ ದಶಕದಲ್ಲಿ ವಿದೇಶಗಳ ಬೇಡಿಕೆ ಬಂದಾಗ ಊರು ಓಡತೊಡಗಿತು. ಪುರಸಭೆ ನಡೆಯುತ್ತಲೇ ಇತ್ತು. ಬಣ್ಣ ಹಾಕುವ, ಬಿಳುಪು ಮಾಡುವ ನೂರಾರು ಘಟಕಗಳಿಗೆ ಬೇಕಾದಷ್ಟು ನೀರನ್ನು ಒದಗಿಸುವ ಶಕ್ತಿ ಅದಕ್ಕಿರಲಿಲ್ಲ. ಸುತ್ತಲಿನ ಹಳ್ಳಿಗಳ ರೈತರು ಬಾವಿನೀರನ್ನು ಟ್ಯಾಂಕರಿಗೆ ಮಾರಿದರು. ಬೆಳೆಗಿಂತ ನೀರು ಮಾರುವುದೇ ಲಾಭವಾಯಿತು. ಬಳಸಿದ ಬಣ್ಣದ ನೀರು ನೊಯ್ಯಲ್ ಸೇರಿತು.

ಉದ್ಯಮಿಗಳು ಕೊನೆಗೆ ತಾವೇ ಬಾಯಿ ಮಾಡಿಕೊಂಡರು. 1990ರಲ್ಲಿ ರಫ್ತುದಾರರ ಸಂಘ, 1995ರಲ್ಲಿ ಸರ್ಕಾರ ಮತ್ತು ಹಣಕಾಸು ಸಂಸ್ಥೆಗಳ ಜೊತೆಗೂಡಿ ಒಂದು ಹೊಸ ಕಂಪನಿ. ಸುಮಾರು 55 ಕಿಲೋಮೀಟರ್ ದೂರದಲ್ಲಿ ಭವಾನಿ ನದಿಯಿಂದ ದಿನಕ್ಕೆ 18.5 ಕೋಟಿ ಲೀಟರ್ ನೀರು ತರುವ, 1,023 ಕೋಟಿ ರೂಪಾಯಿಯ ಯೋಜನೆ. ಕಾರ್ಖಾನೆಗೆ ಹೆಚ್ಚಿನ ದರ, ಮನೆಗಳಿಗೂ ದಾರಿಯ ಹಳ್ಳಿಗಳಿಗೂ ಕಡಿಮೆ ದರ. 2005ರ ಹೊತ್ತಿಗೆ ನೀರು ಹರಿಯಿತು. ಕೊಯಮತ್ತೂರಿನಲ್ಲಿ ನಲವತ್ತು ವರ್ಷ ಹಿಡಿದದ್ದು ಇಲ್ಲಿ ಹತ್ತೇ ವರ್ಷದಲ್ಲಿ ಆಯಿತಲ್ಲ ಎಂದು ನನ್ನ ಸೋದರಳಿಯ ಹೆಮ್ಮೆಪಡುತ್ತಾನೆ; ಅವನದೂ ಬನಿಯನ್ ಕಂಪನಿಯ ಕೆಲಸ. ನಾನು ಅವನಿಗೆ ಹೇಳುವುದು ಇಷ್ಟೇ: ಕಂಪನಿ ನೀರನ್ನು ಒಳಗೆ ತರುವ ಲೆಕ್ಕ ಮಾಡಿತು. ಹೊರಗೆ ಹೋಗುವ ನೀರಿನ ಲೆಕ್ಕ ಯಾರ ಪಾಲಿನದು? ಪುರಸಭೆ ಎಂಬುದು ಕೊಳಾಯಿಗೂ ಚರಂಡಿಗೂ ಒಂದೇ ಸಭೆಯಲ್ಲಿ ಉತ್ತರ ಹೇಳಬೇಕಾದ ಸಂಸ್ಥೆ. ಕಂಪನಿಗೆ ಆ ಕಟ್ಟುಪಾಡಿಲ್ಲ.

ನೊಯ್ಯಲ್ ಕೆಳದಂಡೆಯಲ್ಲಿ ನೀರಾವರಿಗೆಂದು 1990ರ ದಶಕದ ಆರಂಭದಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ಬಣ್ಣದ ಕೊಳಚೆ ನಿಂತಿತು. ಅಣೆಕಟ್ಟು ಬೇಕೆಂದು ಕೇಳಿದ್ದ ರೈತರೇ ಅದರ ನೀರು ಬಿಡಬೇಡಿ ಎಂದು ಕೇಳುವ ಹಾಗಾಯಿತು. ಅವರಿಗೆ ಪುರಸಭೆಯೂ ಇಲ್ಲ, ಕಂಪನಿಯೂ ಇಲ್ಲ. ಅವರು ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ನಿಂತಿತು. 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಹನಿಯೂ ಹೊರಬಿಡದಂತೆ ಶುದ್ಧೀಕರಿಸುವವರೆಗೆ ಬಣ್ಣದ ಘಟಕಗಳನ್ನು ಮುಚ್ಚಬೇಕೆಂದಿತು. ಆ ತಿಂಗಳುಗಳನ್ನು ತಿರುಪ್ಪೂರಿನ ನಮ್ಮ ಸದಸ್ಯರು ಮರೆತಿಲ್ಲ. ಕೂಲಿಯವರು ಊರು ಬಿಟ್ಟರು, ಬಾಡಿಗೆ ಮನೆಗಳು ಖಾಲಿಯಾದವು, ನಮ್ಮ ಬಂಧುಗಳಲ್ಲೇ ಇಬ್ಬರು ಸಾಲದಲ್ಲಿ ಮುಳುಗಿದರು. ಆಮೇಲೆ ನೀರನ್ನು ಶುದ್ಧಮಾಡಿ ಮತ್ತೆ ಬಳಸುವ ವಿದ್ಯೆಯನ್ನು ಊರು ಕಲಿತು ಎದ್ದು ನಿಂತಿತು. ಈಗ ವರ್ಷದ ರಫ್ತು 30,000 ಕೋಟಿ ರೂಪಾಯಿ ದಾಟಿದೆ. ತಿರುಪ್ಪೂರು 2008ರಲ್ಲಿ ಮಹಾನಗರ ಪಾಲಿಕೆಯಾಯಿತು, 2009ರಲ್ಲಿ ಪ್ರತ್ಯೇಕ ಜಿಲ್ಲೆಯ ಕೇಂದ್ರವಾಯಿತು. ಅಂದರೆ ಊರು ಬೆಳೆದ ಮೇಲೆ ಆಡಳಿತ ಬಂತು.

ಭೂಪಟವನ್ನು ಬಿಡಿಸಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಕೊಯಮತ್ತೂರೂ ತಿರುಪ್ಪೂರೂ ನೊಯ್ಯಲ್ ದಡದ ಊರುಗಳು. ಆದರೆ ಸಿರುವಾಣಿ ಭವಾನಿಯ ಉಪನದಿ. ತಿರುಪ್ಪೂರಿನ ನೀರೂ ಭವಾನಿಯದೇ. ಎರಡೂ ಊರುಗಳು ಬಾಯಾರಿಕೆ ತೀರಿಸಿಕೊಂಡದ್ದು ಉತ್ತರದ ನದಿಯಿಂದ, ಕೈ ತೊಳೆದದ್ದು ತಮ್ಮ ಸ್ವಂತ ನದಿಯಲ್ಲಿ.

ನಮ್ಮ ಅಜ್ಜನ ತಗಡಿನ ಪೆಟ್ಟಿಗೆಯಲ್ಲಿ ಒಂದು ಹಳೆಯ ನೀರಿನ ತೆರಿಗೆಯ ರಸೀದಿ ಸಿಕ್ಕಿತು. ಮಾಸಿದ ಕಾಗದ, ಅಚ್ಚಾದದ್ದು ಇಂಗ್ಲಿಷು ಮತ್ತು ತಮಿಳಿನಲ್ಲಿ. ಹಿಂಬದಿಯಲ್ಲಿ ಅಜ್ಜ ಪೆನ್ಸಿಲಿನಿಂದ ಕನ್ನಡದಲ್ಲಿ ‘ನೀರಿನ ದುಡ್ಡು ಕಟ್ಟಿದ್ದು’ ಎಂದು ಬರೆದುಕೊಂಡಿದ್ದಾರೆ. ಮತ ಹಾಕುವ ಹಕ್ಕು ಅವರಿಗೆ ಆಗ ಇತ್ತೋ ಇಲ್ಲವೋ, ರಸೀದಿಯನ್ನು ಮಾತ್ರ ಜೋಪಾನವಾಗಿ ಇಟ್ಟಿದ್ದರು. ಇಂಥ ರಸೀದಿ, ಅರ್ಜಿ, ಪುರಸಭೆಯ ನೋಟೀಸು ಸದಸ್ಯರ ಮನೆಗಳಲ್ಲಿ ಇನ್ನೂ ಇರಬಹುದು. ಹಳೆಯ ಮಗ್ಗದ ಮನೆಗಳನ್ನು ಕೆಡವುವ ಮುನ್ನ ಅಟ್ಟವನ್ನೊಮ್ಮೆ ನೋಡಿ, ಸಿಕ್ಕಿದ್ದನ್ನು ಸಂಘದ ಗ್ರಂಥಾಲಯಕ್ಕೆ ತಂದುಕೊಡಬೇಕೆಂದು ಕೋರುತ್ತೇನೆ. ನಮ್ಮ ಮನೆಯ ರಸೀದಿಯನ್ನು ಕಳೆದ ತಿಂಗಳೇ ಕೊಟ್ಟಿದ್ದೇನೆ. ಕಪಾಟಿನ ಎರಡನೆಯ ಅಂಕಣದಲ್ಲಿದೆ.